ಮಕ್ಕಳ ಕೆನ್ನೆಯ ಬಿಳಿ ಮಚ್ಚೆ: ಪಿಟಿರಿಯಾಸಿಸ್ ಆಲ್ಬಾ ಕುರಿತು ಒಂದು ಟಿಪ್ಪಣಿ

ಮಗುವಿನ ಕೆನ್ನೆಯ ಮೇಲೆ ಮಾಸಲು ಬಿಳಿ ಮಚ್ಚೆ ಕಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಹೊಟ್ಟೇಲಿ ಹುಳ ಇರಬೇಕು’. ಎರಡನೆಯದು ಕ್ಯಾಲ್ಸಿಯಂ ಕೊರತೆ. ಬಾಯಿಬಿಟ್ಟು ಹೇಳದೆ ಒಳಗೊಳಗೇ ಅಂಜುವುದು ತೊನ್ನಿಗೆ. ಬಹುಪಾಲು ಮಕ್ಕಳಲ್ಲಿ ಇದು ಈ ಮೂರೂ ಅಲ್ಲ, ಪಿಟಿರಿಯಾಸಿಸ್ ಆಲ್ಬಾ. 3ರಿಂದ 16 ವರ್ಷದವರಲ್ಲಿ ಹೆಚ್ಚಾಗಿ ಕಾಣುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ತಾನಾಗಿಯೇ ಮಾಯುತ್ತದೆ.

ಮಚ್ಚೆ ಹುಟ್ಟುವಾಗ ಬಿಳಿಯಾಗಿರುವುದಿಲ್ಲ. ಮೊದಲು ತುಸು ಕೆಂಪು, ಅಂಚು ಕೊಂಚ ಉಬ್ಬು. ಕೆಲವು ವಾರಗಳಲ್ಲಿ ಕೆಂಪು ಇಳಿದು ಬಣ್ಣ ಮಸುಕಾಗುತ್ತದೆ, ಮೇಲೆ ಹಿಟ್ಟು ಉದುರಿದಂಥ ನವಿರಾದ ಹೊಟ್ಟು ಉಳಿಯುತ್ತದೆ. ಎದುರು ಬೆಳಕಿನಲ್ಲಿ ಕಾಣದ ಈ ಹೊಟ್ಟು, ಮಗುವನ್ನು ಕಿಟಕಿಗೆ ಪಕ್ಕವಾಗಿ ನಿಲ್ಲಿಸಿ ನೋಡಿದರೆ ಕಾಣುತ್ತದೆ. ಕಡೆಗೆ ಅದೂ ಹೋಗಿ ಮಸುಕು ಮಾತ್ರ ಉಳಿಯುತ್ತದೆ. ತಾಯ್ತಂದೆಯರ ಗಮನಕ್ಕೆ ಬರುವುದು ಹೆಚ್ಚಾಗಿ ಈ ಕೊನೆಯ ಹಂತ, ಅದೂ ಬೇಸಿಗೆ ರಜೆಯಲ್ಲಿ ಬಿಸಿಲಿಗೆ ಸುತ್ತಲಿನ ಚರ್ಮ ಕಪ್ಪಾದಾಗ. ಮೊದಲಿನ ಉರಿಯೂತವನ್ನು ಯಾರೂ ನೋಡಿರುವುದಿಲ್ಲ. ಕಾರಣವನ್ನು ಬೇರೆಲ್ಲೋ ಹುಡುಕುವುದಕ್ಕೆ ಇದೇ ಮೂಲವೆಂದು ನನ್ನ ಅನಿಸಿಕೆ.

ಈ ಉರಿಯೂತ ಸೌಮ್ಯ ಸ್ವರೂಪದ ಇಸುಬು. 1980ರಲ್ಲಿ ಚರ್ಮತಜ್ಞರಾದ ಹ್ಯಾನಿಫಿನ್ ಮತ್ತು ರಾಜ್ಕಾ, ಅಲರ್ಜಿ ಸ್ವಭಾವದ ಇಸುಬಾದ ಅಟೊಪಿಕ್ ಡರ್ಮಟೈಟಿಸ್ ಗುರುತಿಸಲು ರೂಪಿಸಿದ ಮಾನದಂಡಗಳಲ್ಲಿ ಪಿಟಿರಿಯಾಸಿಸ್ ಆಲ್ಬಾ ಒಂದು ಕಿರುಲಕ್ಷಣವಾಗಿ ಸೇರಿದೆ. ಉಬ್ಬಸ, ಅಲರ್ಜಿ ಶೀತ, ಒಣ ಚರ್ಮ ಇರುವ ಮನೆತನದ ಮಕ್ಕಳಲ್ಲಿ ಇದು ಹೆಚ್ಚು. ಆದರೆ ಅಂಥ ಹಿನ್ನೆಲೆಯಿಲ್ಲದ ಮಕ್ಕಳಲ್ಲೂ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಡಿಮೆ, ಆದರೆ ಅದನ್ನು ತಯಾರಿಸುವ ಕೋಶಗಳು ಉಳಿದಿರುತ್ತವೆ. ತೊನ್ನಿನಲ್ಲಿ ಆ ಕೋಶಗಳೇ ನಾಶವಾಗುವುದರಿಂದ ಮಚ್ಚೆ ಹಾಲುಬಿಳಿ, ಅಂಚು ಸ್ಪಷ್ಟ. ಇಲ್ಲಿ ಅಂಚು ಸುತ್ತಲಿನ ಚರ್ಮದಲ್ಲಿ ಕರಗಿಹೋಗುತ್ತದೆ.

ಜಂತುಹುಳುವಿನ ನಂಬಿಕೆ ಎಲ್ಲಿಂದ ಬಂತು? ಹುಳು, ಮಚ್ಚೆ ಎರಡೂ ಒಂದೇ ವಯಸ್ಸಿನಲ್ಲಿ ಸಾಮಾನ್ಯ. ಮಾತ್ರೆ ಕೊಟ್ಟ ಕೆಲವು ತಿಂಗಳಿಗೆ ಮಚ್ಚೆ ಹೋದರೆ ಕೀರ್ತಿ ಮಾತ್ರೆಗೆ; ಕೊಡದಿದ್ದರೂ ಅದು ಹೋಗುತ್ತಿತ್ತು. 2015ರಿಂದ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ಮಗು ಖಂಡಿತ ತೆಗೆದುಕೊಳ್ಳಬೇಕು, ಆದರೆ ಹೊಟ್ಟೆಯ ಹುಳುವಿಗಾಗಿ.

ಚಿಕಿತ್ಸೆ ಸರಳ. ಕಟು ಸೋಪು ಬಿಡಿಸಿ, ಸ್ನಾನವಾದ ಕೂಡಲೇ ಚರ್ಮದ ಪಸೆ ಆರುವ ಮುನ್ನ ತೇವ ಹಿಡಿದಿಡುವ ಕ್ರೀಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಹಚ್ಚುವುದು. ಬಿಸಿಲಿಗೆ ಟೋಪಿ, ಸನ್‌ಸ್ಕ್ರೀನ್. ಕೆಂಪು, ತುರಿಕೆ ಇದ್ದರೆ ವೈದ್ಯರು ಕೆಲವು ದಿನಗಳ ಮಟ್ಟಿಗೆ 1% ಹೈಡ್ರೋಕಾರ್ಟಿಸೋನ್ ಬರೆಯಬಹುದು. ಹೊಟ್ಟು ಬೇಗ ಹೋಗುತ್ತದೆ, ಬಣ್ಣ ಮರಳಲು ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷ ದಾಟುತ್ತದೆ. ಇದನ್ನು ಮೊದಲ ದಿನವೇ ಹೇಳದಿದ್ದರೆ ಮನೆಯವರು ತಾಳ್ಮೆಗೆಟ್ಟು ಔಷಧಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕೇಳಿದ ಕೂಡಲೇ ಸಿಗುವ, ತೀಕ್ಷ್ಣ ಸ್ಟೆರಾಯ್ಡ್ ಬೆರೆತ ಮುಲಾಮುಗಳು ಎಳೆಯ ಮುಖದ ಚರ್ಮವನ್ನು ತೆಳುವಾಗಿಸುತ್ತವೆ, ಮೊಡವೆ ಎಬ್ಬಿಸುತ್ತವೆ, ಇದ್ದ ಬಣ್ಣವನ್ನೂ ಕಳೆಯುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್‌ಗೆ ಸೇರಿಸಿದ್ದರೂ ಅವು ಹಾಗೆಯೇ ಸಿಗುತ್ತಿವೆ. ನಿರುಪದ್ರವಿ ಮಚ್ಚೆಗೆ ಇಂಥ ಹಾನಿ ತಂದುಕೊಳ್ಳುವುದು ನೋವಿನ ಸಂಗತಿ.

ಒಂದು ಎಚ್ಚರಿಕೆ ಮಾತ್ರ ಬಿಡುವಂತಿಲ್ಲ. ಕುಷ್ಠರೋಗದ ಮೊದಲ ಚಿಹ್ನೆಯೂ ಮಸುಕು ಮಚ್ಚೆಯೇ ಆಗಿರಬಹುದು. ಸ್ಪರ್ಶ ತಿಳಿಯದಿದ್ದರೆ, ಅಲ್ಲಿ ಬೆವರು ಬಾರದಿದ್ದರೆ, ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದಿದ್ದರೆ ಚರ್ಮತಜ್ಞರು ನೋಡಲೇಬೇಕು. ಆದರೆ ಮುಖದಲ್ಲಿ ನರಗಳು ದಟ್ಟವಾಗಿರುವುದರಿಂದ ಅಲ್ಲಿನ ಕುಷ್ಠದ ಮಚ್ಚೆಯಲ್ಲೂ ಸ್ಪರ್ಶಜ್ಞಾನ ಪೂರ್ತಿ ಉಳಿದಿರಬಹುದು. ಅನುಮಾನವಿದ್ದಾಗ ಒಂದೇ ಪರೀಕ್ಷೆಗೆ ನಿಲ್ಲಿಸದೆ, ಕೆಲವು ತಿಂಗಳ ಬಳಿಕ ಮಗುವನ್ನು ಮತ್ತೆ ಕರೆಸಿ ನೋಡಬೇಕು.