ಪಾವಗಡದ ಬಿಸಿಲು ಗೇಣಿ

ಗೇಣಿಯೆಂಬ ಶಬ್ದವು ಕನ್ನಡನಾಡಿನ ಒಕ್ಕಲಿಗರ ಬಾಯಲ್ಲಿ ಬಹುಕಾಲ ದೈನ್ಯದ ಶಬ್ದವಾಗಿಯೇ ಇದ್ದಿತು. ನೆಲದೊಡೆಯನು ಒಬ್ಬನು, ಉಳುವವನು ಮತ್ತೊಬ್ಬನು. ಬೆಳೆ ಬಂದರೂ ಬಾರದಿದ್ದರೂ ಒಡೆಯನ ಪಾಲನ್ನು ಅಳೆದುಕೊಡತಕ್ಕದ್ದು. 1961ನೆಯ ಭೂಸುಧಾರಣಾ ಶಾಸನದ ತಿದ್ದುಪಡಿಯು 1974ನೆಯ ಮಾರ್ಚಿ 1ರಿಂದ ಜಾರಿಗೆ ಬಂದಾಗ, ದೇವರಾಜ ಅರಸರ ಸರಕಾರವು ಈ ಪದ್ಧತಿಯ ಬೇರನ್ನೇ ಕತ್ತರಿಸಿತು. ಸೈನಿಕರನ್ನೂ ನಾವಿಕರನ್ನೂ ಉಳಿದು ಬೇರೆಯವರು ಸಾಗುವಳಿಯ ಭೂಮಿಯನ್ನು ಗೇಣಿಗೆ ಕೊಡಕೂಡದೆಂದು ವಿಧಿಯಾಯಿತು. ಇದಾದ ಸುಮಾರು ನಾಲ್ವತ್ತು ವರ್ಷಗಳಿಗೆ ಅದೇ ನಾಡಿನ ಒಂದು ಮೂಲೆಯಲ್ಲಿ ಗೇಣಿಯು ತಲೆಕೆಳಗಾಗಿ ಮರಳಿತು: ರೈತನು ಒಡೆಯನಾದನು, ಸರಕಾರದ ಕಂಪೆನಿಯು ಗೇಣಿದಾರನಾಯಿತು.

ಆ ಮೂಲೆಯೆಂದರೆ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು. ಮಳೆ ಅಪರೂಪ, ಬಿಸಿಲು ಧಾರಾಳ. ಕಡಲೆಕಾಯಿಯನ್ನು ಬಿತ್ತಿ ಮುಗಿಲ ಕಡೆ ನೋಡುತ್ತ ಕುಳಿತಿರುವುದೇ ಅಲ್ಲಿಯ ಬೇಸಾಯ. 1985ರಿಂದ ರಾಯಚೂರಿನಲ್ಲಿ ಕಲ್ಲಿದ್ದಲನ್ನು ಸುಟ್ಟು ವಿದ್ಯುತ್ತನ್ನು ಪಡೆಯುತ್ತಿದ್ದ ರಾಜ್ಯವು, ಹೊಗೆಯಿಲ್ಲದ ವಿದ್ಯುತ್ತನ್ನು ಅರಸುವಾಗ ಈ ಬಿಸಿಲನ್ನು ಕಂಡುಕೊಂಡಿತು. ಅದಕ್ಕಾಗಿ ರಾಜ್ಯದ ಮತ್ತು ಕೇಂದ್ರದ ಸಂಸ್ಥೆಗಳೆರಡು ಸಮಪಾಲಿನಲ್ಲಿ ಕೂಡಿ 2015ರಲ್ಲಿ ಒಂದು ಕಂಪೆನಿಯನ್ನು ಕಟ್ಟಿದುವು.

ಬೇಕಾದ ನೆಲವು ಸುಮಾರು 13,000 ಎಕರೆ. ಇಂತಹ ಕಾರ್ಯಗಳಿಗೆ ಒಂದು ಸಲ ಪರಿಹಾರವನ್ನು ಕೊಟ್ಟು ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವುದೇ ರೂಢಿ. ಶರಾವತಿಯ ಮುಳುಗಡೆಯ ಕಥೆಯನ್ನು ಬಲ್ಲವರಿಗೆ ಆ ರೂಢಿಯ ಫಲವನ್ನು ವಿವರಿಸಬೇಕಾದುದಿಲ್ಲ. ಪಾವಗಡದಲ್ಲಿ ಆ ಹಾದಿಯನ್ನು ಬಿಟ್ಟು ಹೊಸದೊಂದು ಪ್ರಯೋಗವನ್ನು ಮಾಡಲಾಯಿತು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 2,300 ಮಂದಿ ರೈತರಿಂದ 28 ವರ್ಷಗಳ ಅವಧಿಗೆ ಭೂಮಿಯನ್ನು ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷವೊಂದಕ್ಕೆ 21,000 ರೂಪಾಯಿ. ಎರಡು ವರ್ಷಗಳಿಗೊಮ್ಮೆ ನೂರಕ್ಕೆ ಐದರಂತೆ ಹೆಚ್ಚಳ. ಪಹಣಿಯಲ್ಲಿ ಒಡೆತನವು ರೈತನ ಹೆಸರಿನಲ್ಲಿಯೇ ಉಳಿಯಿತು. ಕಂಪೆನಿಯು ರಸ್ತೆ, ವಿದ್ಯುತ್ ಉಪಕೇಂದ್ರಗಳನ್ನು ಸಿದ್ಧಪಡಿಸಿ, ನೆಲವನ್ನು ಭಾಗಮಾಡಿ ಉತ್ಪಾದಕರಿಗೆ ಒಪ್ಪಿಸಿತು. 2018ನೆಯ ಮಾರ್ಚಿ 1ರಂದು ಉದ್ಘಾಟನೆಯಾಯಿತು. 2019ರ ಕೊನೆಯ ವೇಳೆಗೆ 2,050 ಮೆಗಾವಾಟಿನ ಸಾಮರ್ಥ್ಯವು ಪೂರ್ಣವಾಯಿತು.

ಬರದ ಸೀಮೆಯ ರೈತನಿಗೆ ಮಳೆಯನ್ನು ನೆಚ್ಚದ ವರಮಾನವು ಸಣ್ಣದಲ್ಲ. ಆದರೂ ಲೆಕ್ಕವನ್ನು ಹಾಕಿ ನೋಡತಕ್ಕದ್ದು. ಏರಿದ ಮೊತ್ತದ ಮೇಲೆಯೇ ಮತ್ತೆ ಏರುತ್ತ ಹೋದರೂ, ಅವಧಿಯ ಕಡೆಯ ಎರಡು ವರ್ಷಗಳಲ್ಲಿ ಎಕರೆಗೆ ಸಿಗುವುದು 39,600 ರೂಪಾಯಿಯ ಆಸುಪಾಸು. ಮೊದಲಿನ ಎರಡರಷ್ಟೂ ಆಗಲಿಲ್ಲ. ಅಷ್ಟು ವರ್ಷಗಳಲ್ಲಿ ಅಕ್ಕಿಬೇಳೆಯ ಧಾರಣೆಯು ಎಷ್ಟು ಪಾಲು ಏರುತ್ತದೆಂಬುದನ್ನು ಮನೆಯ ಹಿರಿಯರನ್ನು ಕೇಳಿದರೆ ಸಾಕು.

ಇದಕ್ಕಿಂತಲೂ ದೊಡ್ಡ ಕೊರತೆಯು ಬೇರೊಂದೆಡೆಯಲ್ಲಿದ್ದಿತು. 1974ರ ಶಾಸನವು ಕೇಳಿದುದು ಉಳುವವನು ಯಾರೆಂದು. ಈ ಕರಾರು ಕೇಳಿದುದು ಪಹಣಿಯಲ್ಲಿ ಹೆಸರು ಯಾರದೆಂದು. ಉಳುವವನಿಗೇ ಹೊಲವೆಂದು ಸಾರಿದ ನಾಡು ಈ ಭೇದವನ್ನು ಗಮನಿಸದೆ ಹೋದುದು ಆಶ್ಚರ್ಯವೇ ಸರಿ. ಭೂಮಿ ಹೆಚ್ಚಿದ್ದವನಿಗೆ ಗುತ್ತಿಗೆಯ ಹಣವೂ ಹೆಚ್ಚು ಬಂದಿತು. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಜೀವಿಸುತ್ತಿದ್ದ ಭೂಹೀನರಿಗೆ ಅದರಲ್ಲಿ ಪಾಲಿರಲಿಲ್ಲ. ಕುರಿ ಮೇಯುವ ಬಯಲಿಗೂ ಬೇಲಿ ಬಿದ್ದಿತು. ಕೆಲವರಿಗೆ ಸೌರಫಲಕಗಳನ್ನು ತೊಳೆಯುವ, ಅವುಗಳ ಕೆಳಗಿನ ಹುಲ್ಲನ್ನು ಕೊಯ್ಯುವ, ಕಾವಲು ಕಾಯುವ ಕೆಲಸಗಳು ದೊರೆತುವು. ಉಳಿದವರು ಕೂಲಿಯನ್ನು ಹುಡುಕುತ್ತ ಬೇರೆ ಊರುಗಳ ದಾರಿಯನ್ನು ಹಿಡಿಯಬೇಕಾಯಿತು.