ಬಂದೂಕಿನ ಮರ, ಮನುಷ್ಯನ ಮೈ

ಗುರಿಸ್ಪರ್ಧೆಯ ಬಂದೂಕೆಂದರೆ ನಮ್ಮ ಕಣ್ಣು ಮೊದಲು ನಳಿಗೆಯ ಮೇಲೆ ಹೋಗುತ್ತದೆ. ಆದರೆ ಅದನ್ನು ಹೊತ್ತು, ಭುಜಕ್ಕೂ ಕೆನ್ನೆಗೂ ಆನಿಸುವ ಭಾಗಕ್ಕೆ, ಎಂದರೆ ಸ್ಟಾಕಿಗೆ, ತನ್ನದೇ ಚರಿತ್ರೆಯಿದೆ.

0.22 ಅಂಗುಲದ ಲಾಂಗ್ ರೈಫಲ್ ತೋಟಾ 1887ರಲ್ಲಿ ಅಮೆರಿಕದಲ್ಲಿ ಬಂತು. ಬೋಯರ್ ಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ದುಡಿಯುವ ಜನರಿಗೂ ರೈಫಲ್ ಕ್ಲಬ್ಬುಗಳಾದವು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಈ ಸಣ್ಣ ತೋಟಾಕ್ಕೂ ಸ್ಥಾನ ದೊರೆಯಿತು. ಆಗಿನ ಸ್ಟಾಕು ಹೆಚ್ಚಾಗಿ ಸಿಪಾಯಿ ಬಂದೂಕಿನ ಅಚ್ಚು: ಅಕ್ರೋಟ್ ಮರ, ಎಲ್ಲರಿಗೂ ಒಂದೇ ಅಳತೆ. ನಮ್ಮ ಕಚೇರಿಯ ಕುರ್ಚಿಯ ಹಾಗೆ, ಕೂರುವವನೇ ಹೊಂದಿಕೊಳ್ಳಬೇಕು!

ಮರಕ್ಕೆ ಇನ್ನೊಂದು ಚಾಳಿ. ತೇವ ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ನಳಿಗೆಯ ಮೇಲಿನ ಒತ್ತಡ ಬದಲಾಗಿ ಗುಂಡು ಸರಿಯುತ್ತದೆ. 50 ಮೀಟರಿನಾಚೆ ಹತ್ತಂಕದ ವೃತ್ತದ ಅಗಲವೋ 10.4 ಮಿಲಿಮೀಟರು. ಹೀಗಾಗಿ ನಳಿಗೆ ಮರಕ್ಕೆ ತಾಗದಂತೆ ಬಿಡುವುದು, ತೆಳು ಪದರಗಳನ್ನು ಅಂಟಿಸಿದ ಮರ, ಕೊನೆಗೆ ಅಲ್ಯೂಮಿನಿಯಂ ಬಂದವು. ಕೆನ್ನೆಯ ಹಲಗೆಯನ್ನು ಏರಿಸಿಳಿಸುವ, ಭುಜದ ತಟ್ಟೆಯನ್ನು ಹಿಂದುಮುಂದು ಸರಿಸುವ ತಿರುಪುಗಳೂ ಬಂದವು. ಮಂಡಿಯೂರಿ, ಮಲಗಿ, ನಿಂತು ಹೊಡೆಯುವಾಗ ಕತ್ತಿನ ಬಾಗು ಬೇರೆ ಬೇರೆಯಷ್ಟೆ. ಕೊಳ್ಳುವವರು ಅಂದಕ್ಕಿಂತ ಮೊದಲು ಈ ತಿರುಪುಗಳನ್ನೇ ನೋಡಬೇಕೆಂದು ನಮ್ಮ ಅಭಿಪ್ರಾಯ; ಬೆಳೆಯುವ ಮಕ್ಕಳಿಗಂತೂ ಖಂಡಿತ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರಿನ ಮೂರು ಭಂಗಿಯ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲ ಪದಕ ಬಂತು. ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಬೆಳಗಾವಿಗೆ ನೆರೆಯಾದ ಕೊಲ್ಹಾಪುರ ಜಿಲ್ಲೆಯವರು, ಆಗ ರೈಲ್ವೆಯಲ್ಲಿ ಟಿಕೆಟ್ ತಪಾಸಕರು. ನಮ್ಮಂತಹ ಕೇಂದ್ರ ನೌಕರರಿಗೆ ಹೆಮ್ಮೆಯಲ್ಲವೆ? ಅಂಕ 451.4. ಆ ಸ್ಪರ್ಧೆಯಲ್ಲಿ ಭಂಗಿ ಬದಲಿಸಲು ಸಿಗುವ ಕೆಲವೇ ನಿಮಿಷಗಳಲ್ಲಿ ಸ್ಟಾಕನ್ನು ಮತ್ತೆ ಮೈಗೆ ಹೊಂದಿಸಿಕೊಳ್ಳಬೇಕು.