ಪ್ರಮಾಣಪತ್ರದ ಎರಡನೇ ಕಾರಣ

ಯುದ್ಧದಿಂದಾಗಿ ಓದು ಅರ್ಧಕ್ಕೇ ನಿಂತು ಉಕ್ರೇನಿನಿಂದ ಮರಳಿದ ವೈದ್ಯಕೀಯ ವಿದ್ಯಾರ್ಥಿಗಳು ಇಲ್ಲಿನ ಕಾಲೇಜುಗಳಲ್ಲಿ ಮುಂದುವರಿಯಲು ಅವಕಾಶ ಕೇಳಿದಾಗ, 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಒಂದು ಪ್ರಮಾಣಪತ್ರ ಸಲ್ಲಿಸಿತು. ಅವರು ಹೊರದೇಶಕ್ಕೆ ಹೋದದ್ದಕ್ಕೆ ಅದರಲ್ಲಿ ಕೊಟ್ಟ ಕಾರಣಗಳು ಎರಡು: ನೀಟ್‌ನಲ್ಲಿ ಕಡಿಮೆ ಅಂಕ, ಅಲ್ಲಿ ಕೈಗೆಟಕುವ ಶುಲ್ಕ. ಜನರ ಬಾಯಲ್ಲಿ ಉಳಿದದ್ದು ಮೊದಲನೆಯದು ಮಾತ್ರ. ಆದರೆ ಈ ವಲಸೆಯ ಚರಿತ್ರೆಯನ್ನು ನೋಡಿದರೆ ಎರಡನೆಯದೇ ಬೇರು ಎನ್ನಬೇಕಾಗುತ್ತದೆ.

ಆ ಚರಿತ್ರೆ ಕರ್ನಾಟಕದಲ್ಲಿ ಕಣ್ಣಿಗೆ ರಾಚುವಂತಿದೆ. 1953ರಲ್ಲಿ, ಇನ್ನೂ ಮದ್ರಾಸ್ ರಾಜ್ಯಕ್ಕೆ ಸೇರಿದ್ದ ಮಣಿಪಾಲದಲ್ಲಿ, ಟಿ.ಎಂ.ಎ. ಪೈ ಅವರು ಖಾಸಗಿ ವೈದ್ಯಕೀಯ ಕಾಲೇಜು ಕಟ್ಟಿದರು. ಸರ್ಕಾರದ ಕೈಯಲ್ಲಾಗದ ಕೆಲಸವದು, ದೊಡ್ಡ ಕೆಲಸವೇ. ಮುಂದೆ ರಾಜ್ಯದಲ್ಲಿ ಅಂಥ ಕಾಲೇಜುಗಳು ಹೆಚ್ಚಿದಂತೆ ‘ಡೊನೇಷನ್ ಸೀಟು’ ಎಂಬ ಮಾತೂ ಮನೆಮಾತಾಯಿತು. 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್, ಅಂದರೆ ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ಕೀಳುವ ಹಣದ, ನಿಷೇಧ ಕಾಯ್ದೆ ತಂದಿತು. ಅದೇ ಕಾಯ್ದೆಯಡಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ ಎಂದು ಗೊತ್ತುಮಾಡಿತು. ಒಂದೇ ಪಾಠ, ಒಂದೇ ವಾರ್ಡು, ಬೆಲೆ ಮೂರು. ಇದು ಕ್ಯಾಪಿಟೇಷನ್ನೇ ಎಂದು 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷವೇ ಅದೇ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು ಹೆಚ್ಚು ಶುಲ್ಕದ ‘ಪೇಮೆಂಟ್ ಸೀಟಿ’ಗೆ ಜಾಗ ಬಿಟ್ಟಿತು. ಅಂಕ ಕಡಿಮೆಯಾದವರಿಗೆ ಬಾಗಿಲು ಮುಚ್ಚಿರಲಿಲ್ಲ, ಒಳಗೆ ಹೋಗಲು ದುಡ್ಡು ಬೇಕಿತ್ತು, ಅಷ್ಟೆ.

ಅದೇ ಹೊತ್ತಿಗೆ, 1991ರಲ್ಲಿ, ಸೋವಿಯತ್ ಒಕ್ಕೂಟ ಒಡೆಯಿತು. 1960ರಲ್ಲಿ ಆರಂಭವಾದ ಮಾಸ್ಕೋದ ಲುಮುಂಬಾ ವಿಶ್ವವಿದ್ಯಾಲಯದಂಥ ಕಡೆ ನಮ್ಮವರು ಓದುತ್ತಿದ್ದುದು ವಿದ್ಯಾರ್ಥಿವೇತನದಲ್ಲಿ. ಒಕ್ಕೂಟ ಒಡೆದ ಮೇಲೆ ಸರ್ಕಾರಿ ಅನುದಾನ ಬತ್ತಿದ ರಷ್ಯಾ, ಉಕ್ರೇನ್, ಕಿರ್ಗಿಸ್ತಾನದ ವೈದ್ಯಕೀಯ ಸಂಸ್ಥೆಗಳು ಶುಲ್ಕ ಕೊಡುವ ವಿದೇಶಿಯರಿಗೆ ಬಾಗಿಲು ತೆರೆದವು. ಇಲ್ಲಿನ ಪೇಮೆಂಟ್ ಸೀಟು ಎಟುಕದ, ಆದರೆ ಹೊಲವನ್ನೋ ಸೈಟನ್ನೋ ಅಡವಿಟ್ಟು ಒಂದಿಷ್ಟು ಹೊಂದಿಸಬಲ್ಲ ಮನೆಗಳಿಗೆ ಅದೊಂದು ದಾರಿಯಾಯಿತು.

ಶುಲ್ಕವೇ ಬೇರು ಎಂಬ ಮಾತಿಗೆ ಬಲವಾದ ಆಕ್ಷೇಪವೊಂದಿದೆ: ಹೋದವರು ಅಂಕದಲ್ಲೇ ಹಿಂದಿದ್ದವರು ಎಂಬುದು. ಹೊರಗೆ ಓದಿ ಬಂದವರಿಗೆ 2002ರಿಂದ ನಡೆಯುತ್ತಿರುವ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಬೇಕು. ಹೆಚ್ಚಿನ ವರ್ಷಗಳಲ್ಲಿ ಬರೆದವರ ಮೂರನೇ ಒಂದು ಪಾಲೂ ತೇರ್ಗಡೆಯಾಗಿಲ್ಲ. ಈ ಸಂಗತಿಯನ್ನು ತಳ್ಳಿಹಾಕುವಂತಿಲ್ಲ, ರೋಗಿಯ ಜೀವದ ಪ್ರಶ್ನೆಯಿದು. ಆದರೆ ಆ ಪರೀಕ್ಷೆ ಅಳೆಯುವುದು ಅಲ್ಲಿ ಕಲಿತದ್ದನ್ನು, ಇಲ್ಲಿಂದ ಹೊರಟಾಗಿನ ಅಂಕವನ್ನಲ್ಲ. ರೋಗಿಯ ಭಾಷೆ ಬಾರದೆ ಹಾಸಿಗೆಯ ಪಕ್ಕ ನಿಂತವರ ಕಲಿಕೆ ಸೊರಗಿದರೆ ಆ ದೋಷ ಬೋಧನೆಯದೂ ಹೌದು. ಇಲ್ಲಿ ಹಣ ಕೊಟ್ಟು ಓದಿದವರು ಆ ಪರೀಕ್ಷೆ ಬರೆಯಬೇಕಿಲ್ಲವಾದ್ದರಿಂದ ಹೋಲಿಕೆಗೂ ಆಧಾರವಿಲ್ಲ. ಇನ್ನು ಹೊರಟಾಗಿನ ಅಂಕದ ವಿಷಯಕ್ಕೆ ಬಂದರೆ, 2024ರ ನೀಟ್‌ನಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು, ಎಂಬಿಬಿಎಸ್ ಸೀಟುಗಳಿದ್ದದ್ದು ಒಂದು ಲಕ್ಷ ಚಿಲ್ಲರೆ. ಅದರಲ್ಲೂ ಸುಮಾರು ಅರ್ಧ ಖಾಸಗಿಯವರದು. ಹೀಗಾಗಿ ರ‍್ಯಾಂಕ್‌ನಲ್ಲಿ ಎಷ್ಟೋ ಹಿಂದಿರುವವರು ಮ್ಯಾನೇಜ್‌ಮೆಂಟ್ ಸೀಟು ಹಿಡಿದು ಊರಲ್ಲೇ ಓದುತ್ತಾರೆ, ಅವರಿಗಿಂತ ಮುಂದಿದ್ದವರು ಕಿರ್ಗಿಸ್ತಾನದ ಬಿಷ್ಕೆಕ್‌ಗೆ ವಿಮಾನ ಹತ್ತುತ್ತಾರೆ.